ಏಳನೇ ಸಂದು

ಜನವರಿ 9

ವಟವಟಮ್ಮನಿಗೆ,

ನಿನ್ನ ಅಕ್ಕ ಇದ್ದಿದ್ದರೆ ಈ ಕಾಗದ ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳಿಗೇ ನಾನು ಒಂದು ಸಾಲು ಬರೆದವನಲ್ಲ. ಏನು ಮಾಡಲಿ, ಫೋನಿನಲ್ಲಿ ನಿನ್ನ ದನಿ ಥೇಟ್ ಅವಳದೇ. ಎರಡು ಮಾತಾಡುವಷ್ಟರಲ್ಲಿ ಫೋನು ಇಟ್ಟುಬಿಡುತ್ತೇನೆ. ಅದಕ್ಕೆ ಕಾಗದ. ಅಕ್ಷರ ಕಾಗೆ ಕಾಲಿನ ಹಾಗಿದ್ದರೆ ಬೈಯಬೇಡ. ರಿಜಿಸ್ಟರಿನಲ್ಲಿ ಅಂಕಿ ಬರೆದೂ ಬರೆದೂ ಕೈ ಕೆಟ್ಟುಹೋಗಿದೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ನೆಟ್ಟಗೆ ಕೇಳಿಲ್ಲ. "ನಮ್ ಭಾವ ಸೇತುವೆ ಓಡಿಹೋಗ್ದೇ ಇರೋ ಹಾಗೆ ಕಾಯ್ತಾರೆ" ಎಂದು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯಂತೆ. ಇವತ್ತು ಕೇಳು. ಈ ಸೇತುವೆ ಉದ್ದಕ್ಕೂ ಒಂದೇ ಹಲಗೆಯಲ್ಲ. ಹದಿನಾಲ್ಕು ತುಂಡು, ನಡುವೆ ಹದಿಮೂರು ಸಂದು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಿಗ್ಗುವುದಕ್ಕೆ ಜಾಗ ಇರಲಿ ಎಂದೇ ಕಟ್ಟಿದವರು ಸಂದು ಬಿಟ್ಟಿದ್ದಾರೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಈ ತುದಿಯಿಂದ ಆ ತುದಿಗೆ ನಡೆದು, ಸಂದಿನಲ್ಲಿ ಸೇರಿಕೊಂಡ ಮರಳು ಜಲ್ಲಿ ಕೆದಕಿ, ಅಗಲ ಅಳೆದು ಬರೆಯುವುದು ನನ್ನ ಕೆಲಸ. ಒಂದು ಹಿಡಿ ಜಲ್ಲಿ ಸಿಕ್ಕಿಕೊಂಡರೂ ಬೇಸಿಗೆಯಲ್ಲಿ ಅಂಚು ಸೀಳುತ್ತದೆ.

ಗಾಡಿ ಸಂದು ದಾಟುವಾಗ ಮುಂದಿನ ಚಕ್ರದ್ದೊಂದು, ಹಿಂದಿನ ಚಕ್ರದ್ದೊಂದು, ಎರಡು ಸದ್ದಾಗುತ್ತದೆ. ಹದಿನೆಂಟು ವರ್ಷ ನನಗೆ ಅದು ಟಕ್ ಟಕ್ ಎಂದೇ ಕೇಳಿದೆ. ಈಗ ಹದಿನೈದು ದಿನದಿಂದ ಏಳನೇ ಸಂದು ಮಾತ್ರ "ಬಂದ್ರಾ?" ಎನ್ನುತ್ತಿದೆ. ನಗಬೇಡ. ಸಂಜೆ ನಾನು ಬಾಗಿಲಲ್ಲಿ ಬೂಟು ಕಳಚುವಾಗ ನಿನ್ನ ಅಕ್ಕ ಒಳಗಿನಿಂದಲೇ, ತಲೆ ಕೂಡ ಎತ್ತದೆ, ಕೇಳುತ್ತಿದ್ದಳಲ್ಲ, ಅದೇ "ಬಂದ್ರಾ?" ಕೊನೆಯ ಅಕ್ಷರ ಸ್ವಲ್ಪ ಎಳೆದು. ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ಸೇತುವೆ ಮೇಲೆ ಒಂದು ಸೈಕಲ್ಲೂ ಇರಲಿಲ್ಲ. ಆಗಲೂ ಕೇಳಿತು.

ಯಾರಿಗೂ ಹೇಳಿಲ್ಲ. ಕಂಬಿಗೆ ಬಣ್ಣ ಬಳಿಯುವ ಅಜ್ಜನ ಹತ್ತಿರ ಹೇಳೋಣವೆಂದರೆ ಅವನಿಗೆ ಲಾರಿ ಹಾರನ್ನೇ ಕೇಳಿಸುವುದಿಲ್ಲ. ನೀನು ಆಸ್ಪತ್ರೆಯಲ್ಲಿರುವವಳು. ಇದಕ್ಕೆ ಏನಾದರೂ ಗುಳಿಗೆ ಗಿಳಿಗೆ ಇದೆಯಾ?

ಮಗಳು ಹೇಗಿದ್ದಾಳೆ, ನನ್ನ ಕಡ್ಡಿ? ಒಂಬತ್ತು ವರ್ಷಕ್ಕೆ ಸ್ವಲ್ಪವಾದರೂ ಮೈ ತುಂಬಿಕೊಂಡಳಾ, ಇಲ್ಲ ಹಾಗೇ ಕಡ್ಡಿಯಾ? ಈ ಬೇಸಿಗೆಗೆ ಮನೆಗೆ ಕರೆದುಕೊಂಡು ಬಂದುಬಿಡಬೇಕು ಎಂದಿದ್ದೇನೆ. ಎರಡು ವರ್ಷ ಆಗುತ್ತ ಬಂತು. ನಿನಗೂ ಎಷ್ಟು ಅಂತ ಹೊರೆ.

ನಿನ್ನ ಭಾವ

*

ಜನವರಿ 17

ಭಾವ,

ಹೊರೆಯಂತೆ ಹೊರೆ! ಇನ್ನೊಂದು ಸಲ ಆ ಮಾತು ಬರೆದರೆ ಕಾಗದವನ್ನು ಒಡೆಯದೆ ವಾಪಸ್ ಕಳಿಸುತ್ತೇನೆ. ನಿಮ್ಮ ಕಡ್ಡಿ ಕಡ್ಡಿಯಾಗಿಯೇ ಇದ್ದಾಳೆ, ನಾಲಿಗೆ ಮಾತ್ರ ಎರಡಾಳಿನಷ್ಟು ಬೆಳೆದಿದೆ. ಮೊನ್ನೆ ನನ್ನ ಪೇಶಂಟ್ ಒಬ್ಬರ ಮುಂದೆ "ಚಿಕ್ಕಮ್ಮಂಗೆ ಬೇರೆಯೋರ ಕಾಲು ಎಳೆಯೋದಕ್ಕೆ ಸಂಬಳ ಕೊಡ್ತಾರೆ" ಎಂದಳು. ಮೂಳೆ ಮುರಿದು ಬಿಗಿದುಕೊಂಡ ಮೊಣಕಾಲು ಮೊಣಕೈ ಮಡಚಿಸುವುದು ನನ್ನ ಕೆಲಸವಾದ್ದರಿಂದ ಅಲ್ಲ ಎನ್ನಲೂ ಆಗಲಿಲ್ಲ. ಇಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ಆ ಕಡೆಯ ಮಾತೇ ಎತ್ತುವುದಿಲ್ಲ. ಬೇಸಿಗೆಗೆ ಕರೆಸಿಕೊಳ್ಳುವ ಆತುರವೇನಿದೆ? ನೋಡೋಣ.

ಇನ್ನು ಆ ಸದ್ದು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅದು "ಬಂದ್ರಾ" ಅಂತಲೇ ಕೇಳುತ್ತದಾ? ಬೇರೆ ಯಾವುದೋ ಮಾತನ್ನು ನೀವು ಹಾಗೆ ಅಂದುಕೊಂಡಿರಬಹುದಲ್ಲ? ಕೊನೆಯ ಅಕ್ಷರ ಎಳೆದು ಅಂತ ಯಾಕೆ ಬರೆದಿರಿ? ನಿಮಗೆ ಯಾರಾದರೂ ಏನಾದರೂ ಹೇಳಿದರಾ? ಇಲ್ಲಿಂದ ಯಾರಾದರೂ ಫೋನ್ ಮಾಡಿದ್ದರಾ?

ಏನೂ ಇಲ್ಲ, ಹಾಗೇ ಕೇಳಿದೆ. ಒಬ್ಬರೇ ಇದ್ದರೆ ಕಿವಿ ಹೀಗೆಲ್ಲ ಆಟವಾಡುತ್ತದೆ. ಅದನ್ನು ಹೇಗಾದರೂ ಮಾಡಿ ನಿಲ್ಲಿಸಿಬಿಡಿ ಭಾವ. ಸೇತುವೆಯ ವಿಷಯ ನಿಮಗೆ ತಿಳಿಯದ್ದು ಏನಿದೆ? ಕಿವಿಗೆ ಬೀಳದಿದ್ದರೆ ಮನಸ್ಸು ತಾನೇ ಮರೆಯುತ್ತದೆ. ನಾನೂ ಹಾಗೇ ಮಾಡುವುದು.

ಗುಳಿಗೆ ಏನೂ ಬೇಡ. ನಿಲ್ಲಿಸಿ, ಅಷ್ಟೆ.

ನಿಮ್ಮ ನಾದಿನಿ

*

ಫೆಬ್ರವರಿ 4

ಡಾಕ್ಟರಮ್ಮನಿಗೆ,

ಇವತ್ತಿನಿಂದ ನಿನಗೆ ಬಡ್ತಿ. ನಿಲ್ಲಿಸಿದೆ!

ಹೇಗೆಂದು ಕೇಳಬೇಡ. ನಿನಗೆ ಕಾಲು ಹೇಗೋ ನನಗೆ ಸೇತುವೆ ಹಾಗೆ. ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಅಲ್ಲೇ ಕಟ್ಟೆಗೆ ಒರಗಿ ಅರ್ಧ ಗಂಟೆ ನಿಂತೆ. ಆರು ಲಾರಿ, ಎರಡು ಬಸ್ಸು ದಾಟಿದವು. ಏಳನೆಯದು ಪಿಟ್ಟೆನ್ನಲಿಲ್ಲ. ಎದೆಯ ಮೇಲೆ ಕೂತವರು ಎದ್ದು ಹೋದಂತಾಯಿತು. ಎಷ್ಟೋ ದಿನದ ಮೇಲೆ ಎರಡು ತಟ್ಟೆ ಊಟ ಮಾಡಿದೆ.

ಬಣ್ಣದ ಅಜ್ಜ ಬಂದು ಏಳನೇ ಸಂದಿನ ಹತ್ತಿರ ಕೂತು, ಬೆರಳಿನಲ್ಲಿ ಮುಟ್ಟಿ ನೋಡಿ, "ಇದೇನಪ್ಪ ಇಲ್ಲಿ ಸಂದೇ ಕಾಣ್ತಿಲ್ಲ?" ಎಂದ. "ಹೊಸ ಪದ್ಧತಿ" ಎಂದೆ. ಅವನಿಗೆ ಅದೂ ಕೇಳಿಸಲಿಲ್ಲ. ಪಾಪ, ಪುಣ್ಯವಂತ.

ಈಗ ಮನೆ ಗುಡಿಸಿ ಕಡ್ಡಿಯ ಮೇಜಿಗೆ ಹೊಸ ಕಾಲು ಹಾಕುತ್ತಿದ್ದೇನೆ.

ಭಾವ

*

ಫೆಬ್ರವರಿ 12

ಭಾವ,

ನಿಂತಿತಲ್ಲ, ಸಾಕು. ಇನ್ನು ಆ ಮಾತೇ ಬೇಡ. ಬರೆಯುವುದೂ ಬೇಡ, ನೆನೆಯುವುದೂ ಬೇಡ.

ನನಗೆ ವಾರ್ಡಿನಲ್ಲಿ ಕೆಲಸ ಮೈಮೇಲೆ ಬಂದಿದೆ. ಮೇಜು ಗೀಜು ಈಗಲೇ ಯಾಕೆ? ಇಲ್ಲಿಯ ಶಾಲೆ ಒಳ್ಳೆಯದು, ಮುಂದಿನ ವರ್ಷವೂ ಇಲ್ಲೇ ಓದಲಿ ಅಂತ ನನ್ನ ಎಣಿಕೆ. ಅವಳಿಗೂ ಇಲ್ಲೇ ಇಷ್ಟ. ಕಾಗದದ ಹಿಂದೆ ಚಿತ್ರ ಬರೆದುಕೊಡುತ್ತೇನೆ ಎನ್ನುತ್ತಿದ್ದಾಳೆ, ಅವಳ ಕೈಗೇ ಕೊಡುತ್ತೇನೆ, ಬರೆದು ಅಂಟಿಸಿ ಡಬ್ಬಿಗೆ ಹಾಕಲಿ.

ನಿಮ್ಮ ನಾದಿನಿ

(ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

ಅಪ್ಪಾ ನಾನು ಬ್ಯಾಗು ತುಂಬಿ ಇಡ್ತೀನಿ ಚಿಕ್ಕಮ್ಮ ತೆಗೆದು ಬೀರುವಿನಲ್ಲಿ ಇಡ್ತಾಳೆ. ನಾಲ್ಕು ಸಲ ಆಯ್ತು. ಯಾವಾಗ ಬರ್ಲಿ? ಚಿಕ್ಕಮ್ಮಂಗೆ ಹೇಳಬೇಡ. ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ.

*

ಮಾರ್ಚ್ 11

ನಾದಿನಿಗೆ,

ಒಂದು ತಿಂಗಳು ಬರೆಯಲಿಲ್ಲ. ಏನು ಬರೆಯಲಿ?

ಅದು ಮೂರೇ ದಿನ ಸುಮ್ಮನಿತ್ತು. ನಾಲ್ಕನೆಯ ದಿನ ಆರನೇ ಸಂದು ಶುರು ಮಾಡಿತು. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದ ಹಾಗೆ. ಅದನ್ನೂ ನಿಲ್ಲಿಸಿದೆ. ಎಂಟನೆಯದು ಹಿಡಿಯಿತು. ಅದನ್ನೂ ನಿಲ್ಲಿಸಿದೆ. ಆಮೇಲೆ ಒಂಬತ್ತು. ನಾನು ಮುಂದೆ ಮುಂದೆ, ಅದು ನನಗಿಂತ ಒಂದು ಹೆಜ್ಜೆ ಮುಂದೆ. ಈಗ ಸೇತುವೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ರಿಜಿಸ್ಟರಿನ ಅಂಕಿಯನ್ನು ಮನೆಯಲ್ಲೇ ಕೂತು ಬರೆಯುತ್ತೇನೆ. ಹದಿನೆಂಟು ವರ್ಷದ ಅಂದಾಜು ಇದೆಯಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಹೋಗುವುದು ಬಿಟ್ಟ ಮೇಲೆ ಮನೆಗೇ ಬಂತು. ಬಾಗಿಲ ಚಿಲಕ ಮೊದಲು. ಚಿಲಕ ಬಿಚ್ಚಿ ಹೊರಗಿಟ್ಟೆ. ಆಮೇಲೆ ಗಡಿಯಾರ, ಪಾತ್ರೆಯ ಮುಚ್ಚಳ, ಮಂಚದ ಕಾಲು. ಎರಡೆರಡು ಸದ್ದು ಮಾಡುವುದನ್ನೆಲ್ಲ ಅಂಗಳಕ್ಕೆ ಹಾಕಿದ್ದೇನೆ. ಫೋನು ಆಫ್ ಮಾಡಿ ಅಕ್ಕಿ ಡಬ್ಬದಲ್ಲಿ ಹೂತಿದ್ದೇನೆ. ಮುಂದಿನ ಕೋಣೆಗೆ ಹೋಗುವುದಿಲ್ಲ, ಅಲ್ಲಿ ಕಿಟಕಿಯ ರೆಕ್ಕೆ ಇದೆ. ಹಿಂದಿನ ಕೋಣೆಯಲ್ಲಿ ಈಗ ಚಾಪೆ ಒಂದೇ ಇರುವುದು. ಹಗಲೆಲ್ಲ ಅದರ ಮೇಲೆ ಕೂತಿರುತ್ತೇನೆ.

ಇನ್ನು ಉಳಿದಿರುವುದು ಎದೆ ಒಂದೇ. ಅದೂ ಎರಡೆರಡು ಸದ್ದೇ ಮಾಡುವುದು.

ಕಡ್ಡಿಯನ್ನು ಈ ಬೇಸಿಗೆ ಕಳಿಸಬೇಡ. ನೀನು ಹೇಳಿದ್ದೇ ಸರಿ, ಅಲ್ಲಿಯ ಶಾಲೆ ಒಳ್ಳೆಯದು.

*

ಮಾರ್ಚ್ 19

ಭಾವ,

ಉಳಿದಿರುವುದು ಎದೆ ಒಂದೇ ಎಂದು ಬರೆಯಲು ನಿಮಗೆ ಕೈಯಾದರೂ ಹೇಗೆ ಬಂತು? ಆ ಸಾಲು ಓದಿ ಹದಿನಾಲ್ಕು ಸಲ ಫೋನ್ ಮಾಡಿದೆ. ಅಕ್ಕಿ ಡಬ್ಬದಲ್ಲಿ ಇಟ್ಟವರ ಹತ್ತಿರ ಏನು ಜಗಳವಾಡುವುದು! ನಿಮ್ಮ ಪಕ್ಕದ ಕ್ವಾರ್ಟರ್ಸಿನ ಟೀಚರಿಗೆ ಹೇಳಿದ್ದೇನೆ, ಎರಡು ಹೊತ್ತೂ ಬಂದು ಬಾಗಿಲು ತಟ್ಟುತ್ತಾರೆ. ತಟ್ಟಿದ್ದು ಹೇಗೇ ಕೇಳಿಸಲಿ, ಎದ್ದು ತೆಗೆಯಿರಿ.

ಜನವರಿಯಲ್ಲಿ ನಾನು ಕೊಟ್ಟ ಬುದ್ಧಿ ತಪ್ಪು. ಹೆದರಿಕೆಯಲ್ಲಿ ಬರೆದದ್ದು. ಯಾಕೆ ಹೆದರಿದೆ ಎಂದು ಈಗ ಕೇಳಬೇಡಿ.

ನನ್ನ ಹತ್ತಿರ ಒಬ್ಬ ಬಸ್ ಡ್ರೈವರ್ ಬರುತ್ತಾರೆ. ಮೊಣಕಾಲು ಮುರಿದು ಕೂಡಿಕೊಂಡಿದೆ, ಆದರೆ ಮಡಚಲು ಬಿಡುವುದಿಲ್ಲ. "ಮೊದ್ಲು ನೋವು ಹೋಗ್ಲಿ ಮೇಡಂ, ಆಮೇಲೆ ಮಡಚ್ತೀನಿ." ಮೂರು ತಿಂಗಳು ನೋವಿಗೆ ಹೆದರಿ ಕಾಲು ಚಾಚಿಕೊಂಡೇ ಕೂತರು. ಕಾಲು ಮರದ ಕೊರಡಾಯಿತು, ನೋವು ಮಾತ್ರ ಸೊಂಟಕ್ಕೂ ಹತ್ತಿತು. ಈಗ ದಿನಾ ಹೇಳುತ್ತೇನೆ: "ನೋವು ಇರ್ಲಿ ಸ್ವಾಮಿ, ಅದನ್ನ ಓಡಿಸೋದು ನಿಮ್ ಕೆಲಸ ಅಲ್ಲ. ನೋಯ್ತಾ ಇರೋ ಹಾಗೇ ಇಷ್ಟೇ ಇಷ್ಟು ಮಡಚಿ. ನೀವು ಮನೆಗೆ ನಡ್ಕೊಂಡ್ ಹೋಗ್ಬೇಕೋ ಬೇಡ್ವೋ?" ಬೈಯುತ್ತಾರೆ, ಅಳುತ್ತಾರೆ, ಮಡಚುತ್ತಾರೆ. ಮೊನ್ನೆ ಎರಡು ಮೆಟ್ಟಿಲು ಹತ್ತಿದರು. ನೋವೇನೂ ಹೋಗಿಲ್ಲ.

ಬೇರೆಯವರಿಗೆ ಇಷ್ಟು ಚೆಂದ ಹೇಳುವವಳು ನಿಮಗೆ "ಕಿವಿ ಮುಚ್ಚಿಕೊಳ್ಳಿ" ಎಂದೆನಲ್ಲ, ನನ್ನ ತಲೆಗೆ ಏನು ಬಡಿದಿತ್ತೋ.

ಇನ್ನೊಂದು ತಪ್ಪು. ಕಡ್ಡಿ ಇಲ್ಲಿ ಹೊಂದಿಕೊಂಡಿಲ್ಲ. ದಿನಾ ಅಪ್ಪ ಎನ್ನುತ್ತಾಳೆ. ಕೊಟ್ಟುಬಿಟ್ಟರೆ ಮನೆ ಬಿಕೋ ಎನ್ನುತ್ತದೆ ಎಂದು ನಾನೇ ಸುಳ್ಳು ಬರೆದೆ. ಪರೀಕ್ಷೆ ಏಪ್ರಿಲ್ ಹತ್ತಕ್ಕೆ ಮುಗಿಯುತ್ತದೆ. ಹದಿನಾಲ್ಕನೇ ತಾರೀಕು ಬೆಳಗಿನ ಬಸ್ಸಿಗೆ ನಾನೇ ಕರೆದುಕೊಂಡು ಬರುತ್ತೇನೆ. ಬೇಡ ಎನ್ನಬೇಡಿ, ಅವಳಿಗೆ ಹೇಳಿಬಿಟ್ಟಿದ್ದೇನೆ.

ಈಗ ಒಂದೇ ಪ್ರಶ್ನೆ, ಹಾರಿಕೆಯ ಉತ್ತರ ಬೇಡ. "ನಿಲ್ಲಿಸಿದೆ, ನಿಲ್ಲಿಸಿದೆ" ಎಂದು ಬರೆಯುತ್ತೀರಲ್ಲ, ಸಂದಿಗೆ ನೀವು ಮಾಡಿದ್ದೇನು?

*

ಮಾರ್ಚ್ 27

ನಾದಿನಿಗೆ,

ಸಿಮೆಂಟ್ ಕಲಸಿ ತುಂಬಿದೆ. ಆರು, ಏಳು, ಎಂಟು, ಒಂಬತ್ತು. ಹಿಗ್ಗುವುದಕ್ಕೆ ಎಂದು ಬಿಟ್ಟ ಜಾಗವನ್ನು, ಅದನ್ನು ಕಾಯಲು ಸಂಬಳ ತಿನ್ನುವ ನಾನೇ ಮುಚ್ಚಿದೆ.

ನಿನ್ನೆ ಟೀಚರು ಕೈ ಹಿಡಿದು ಎಬ್ಬಿಸಿದ ಮೇಲೆ ಹೋಗಿ ನೋಡಿಕೊಂಡು ಬಂದೆ. ಮಧ್ಯಾಹ್ನದ ಬಿಸಿಲು ನಲವತ್ತೊಂದು ಡಿಗ್ರಿ. ಐದು ತುಂಡು ಒಂದೇ ತುಂಡಾಗಿ ಹಿಗ್ಗುತ್ತಿದೆ, ಹೋಗಲು ಜಾಗವಿಲ್ಲ. ಪಕ್ಕದ ಕಂಬಿ ಹೆಬ್ಬೆಟ್ಟಿನಷ್ಟು ಹೊರಗೆ ಬಾಗಿದೆ. ಹತ್ತನೇ ಸಂದಿನ ಅಂಚು ನನ್ನ ಕಣ್ಣೆದುರೇ ಚಟ್ಟನೆ ಸಿಡಿದು ಬಿತ್ತು. ಅದರ ಮೇಲೇ ಬಸ್ಸುಗಳು ಓಡಾಡುತ್ತಿವೆ. ಏಪ್ರಿಲ್ ಮಧ್ಯಕ್ಕೆ ಬಿಸಿಲು ಇನ್ನೂ ಏರುತ್ತದೆ. ನೀವು ಬರುವ ದಿನ.

ಒಡೆಯಲೆಂದು ಮೂರು ಸಲ ಉಳಿ ಸುತ್ತಿಗೆ ಹಿಡಿದು ಹೋದೆ. ಮೂರು ಸಲವೂ ಏಳನೆಯದರ ಹತ್ತಿರ ಮಂಡಿ ಊರಿ, ಹಾಗೇ ಎದ್ದು ಬಂದೆ. ಒಡೆದರೆ ಅವಳು ಮತ್ತೆ ಕೇಳುತ್ತಾಳೆ.

ಏಳನೆಯದರ ಮೇಲೆ ನಡೆದದ್ದನ್ನು ಎಲ್ಲರೂ ಮರೆತಿದ್ದೀರಿ. ನಾನು ಮರೆತಿಲ್ಲ. ಜ್ವರದ ವರ್ಷ, ಸೋಂಕು ಹರಡಬಾರದೆಂದು ಸೇತುವೆ ಮುಚ್ಚಿದಾಗ ಅಡ್ಡಗಟ್ಟೆ ಹಾಕಿದ್ದು ಸರಿಯಾಗಿ ನಡುವಿಗೆ, ಏಳನೇ ಸಂದಿನ ಮೇಲೆ. ಕಾವಲಿಗೆ ನಾನು. ನಿನಗೆ ಜ್ವರವೆಂದು ಆರೈಕೆಗೆ ನಿನ್ನ ಮನೆಗೆ ಹೋಗಿದ್ದ ನಿನ್ನ ಅಕ್ಕ, ಕಡ್ಡಿಯನ್ನು ನಿನ್ನಲ್ಲಿ ಬಿಟ್ಟು, ತರಕಾರಿ ಲಾರಿ ಹತ್ತಿ ಅಲ್ಲಿಗೆ ಬಂದಳು. ಅಡ್ಡಗಟ್ಟೆಯ ಆ ಕಡೆ ನಿಂತು "ಮೈ ಬಿಸಿ ಅನ್ಸ್ತಿದೆ ಕಣ್ರೀ, ಮನೆಗೆ ಬರ್ತೀನಿ" ಎಂದಳು. ನಾನು ಬಿಡಲಿಲ್ಲ. ಆರ್ಡರ್ ಇದೆ, ಸಾಹೇಬರು ಇದ್ದಾರೆ, ನಾಲ್ಕು ಜನ ನೋಡುತ್ತಿದ್ದಾರೆ. "ವಾಪಸ್ ಹೋಗು, ಹದಿನಾಲ್ಕು ದಿನ ಕಳೀಲಿ, ನಾನೇ ಬರ್ತೀನಿ" ಎಂದೆ. ಒಂಬತ್ತನೇ ದಿನಕ್ಕೆ ಅವಳಿಲ್ಲ.

ಬರ್ತೀನಿ ಎಂದವನು ಹೋಗಲಿಲ್ಲ. ಅದನ್ನೇ ದಿನಕ್ಕೆ ಸಾವಿರ ಸಲ ಕೇಳುತ್ತಿದ್ದಾಳೆ. ಏನೆಂದು ಉತ್ತರ ಕೊಡಲಿ?

ಕಡ್ಡಿಯನ್ನು ಆ ಬಸ್ಸಿಗೆ ಹತ್ತಿಸಬೇಡ. ಕೈ ಮುಗಿಯುತ್ತೇನೆ.

*

ಏಪ್ರಿಲ್ 1

ಭಾವ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ಜನರನ್ನು ಇಳಿಸಿ ಖಾಲಿ ಬಸ್ಸು ದಾಟಿಸಿ ಎಂದೂ ಹೇಳಿದ್ದೇನೆ. ಓದಿದ ತಕ್ಷಣ ಸಾಹೇಬರ ಹತ್ತಿರ ಹೋಗಿ ಹೇಳಿ, ಸೇತುವೆ ಮುಚ್ಚಿಸಿ. ಮಧ್ಯಾಹ್ನ ಹನ್ನೆರಡರವರೆಗೆ ಸಮಯ. ಆಮೇಲೆ ನಾನೇ ಅವರ ಆಫೀಸಿಗೆ ಫೋನ್ ಮಾಡುತ್ತೇನೆ. ನಿಮ್ಮ ಕೆಲಸ ಹೋದರೂ ಸರಿ, ನೀವು ನನ್ನ ಮುಖ ನೋಡದಿದ್ದರೂ ಸರಿ.

ಈಗ ಜನವರಿಯಲ್ಲಿ ಯಾಕೆ ಹೆದರಿದೆ ಎಂದು ಹೇಳುತ್ತೇನೆ. ಎರಡು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಆ ಕೋಣೆಯಲ್ಲಿ ನಾನು, ಅಕ್ಕ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಕಡ್ಡಿಯನ್ನೂ ಒಳಗೆ ಬಿಟ್ಟಿರಲಿಲ್ಲ.

ಕೊನೆಯ ಎರಡು ದಿನ ಅಕ್ಕ ಒಂದೇ ಮಾತು ಆಡಿದ್ದು. "ಬಂದ್ರಾ?" ಕೊನೆಯ ಅಕ್ಷರ ಎಳೆದು. ಅರ್ಧ ಗಂಟೆಗೊಮ್ಮೆ ಕಣ್ಣು ಬಿಟ್ಟು, ಬಾಗಿಲ ಕಡೆ ಅಲ್ಲ, ನನ್ನ ಕಡೆ ನೋಡಿ. ನೀವು ಬರೆದಿದ್ದು ಓದಿದಾಗ ನನ್ನ ಜೀವ ಹೋಗಿ ಬಂತು. ನಿಮಗೆ ಅದು ಹೇಗೆ ತಿಳಿಯಿತು? ಹೇಗೆ ತಿಳಿಯಲು ಸಾಧ್ಯ? ಈಗಲೂ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಆದರೆ ನೀವು ತಪ್ಪು ತಿಳಿದಿದ್ದೀರಿ ಭಾವ. ಸಂಜೆ ಬೂಟು ಕಳಚುವಾಗ ಅವಳು ಕೇಳುತ್ತಿದ್ದದ್ದು ನಿಮ್ಮನ್ನು, ನೀವು ಬಂದ್ರಾ ಎಂದು. ಹಾಸಿಗೆಯಲ್ಲಿ ಕೇಳಿದ್ದು ನನ್ನನ್ನು. ಅವರು ಬಂದ್ರಾ ಎಂದು. ಮಾತು ಒಂದೇ. ಲೆಕ್ಕ ಕೇಳುವ ದನಿ ಅದಲ್ಲ, ಬರುತ್ತಾರೆಂದು ಗೊತ್ತಿರುವವರ ದನಿ. ನಿಮ್ಮ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ಪಾಪ, ಬಿಸಿಲಲ್ಲಿ ನಿಂತಿದಾರೆ" ಎಂದೇ ವಾಪಸ್ ಬಂದು ಲಾರಿಯಿಂದ ಇಳಿದವಳು.

ನಾನು ಏನು ಮಾಡಿದೆ ಗೊತ್ತಾ? ಕೊನೆಯ ಸಲ ಕೇಳಿದಾಗ ತಡೆಯಲಾಗದೆ "ಹೂಂ ಅಕ್ಕಾ, ಬಂದ್ರು. ಹೊರಗೆ ಕೂತಿದಾರೆ" ಎಂದುಬಿಟ್ಟೆ. ಅವಳು ಸೆರಗು ಸರಿ ಮಾಡಿಕೊಳ್ಳಲು ಕೈ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು. ಸಾಯುವವಳಿಗೆ ಸುಳ್ಳು ಹೇಳಿದವಳು ನಾನು. ಅದಕ್ಕೇ ಸ್ನಾನದ ಮನೆಯ ನಲ್ಲಿ ಯಾವಾಗಲೂ ಬಿಟ್ಟೇ ಇರುತ್ತದೆ. ನಿಮ್ಮದು ಸಿಮೆಂಟು, ನನ್ನದು ನೀರು.

ಸದ್ದು ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಒಮ್ಮೆ ಹೇಳಿ ಕೆಡಿಸಿದ್ದು ಸಾಕು. ಕೇಳುತ್ತಿರಲಿ. ಕೈ ನಡುಗುತ್ತಿರಲಿ. ನಡುಗುವ ಕೈಯಲ್ಲೂ ಉಳಿ ಹಿಡಿಯಬಹುದು. ಹದಿನಾಲ್ಕಕ್ಕೆ ನಿಮ್ಮ ಮಗಳು ಆ ದಡದಲ್ಲಿ ಇಳಿಯುತ್ತಾಳೆ. ಅವಳು ದಾಟಬೇಕೋ ಬೇಡವೋ, ಅಷ್ಟು ಮಾತ್ರ ನೋಡಿ.

*

ಏಪ್ರಿಲ್ 8

ನಾದಿನಿಗೆ,

ಕಂಡಕ್ಟರ್ ಒಂಬತ್ತೂವರೆಗೆ ಕಾಗದ ಕೊಟ್ಟ. ಹತ್ತಕ್ಕೆ ಸಾಹೇಬರ ಎದುರು ನಿಂತಿದ್ದೆ. ಎಲ್ಲ ಹೇಳಿದೆ, ಸುಳ್ಳು ಅಂಕಿಯನ್ನೂ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ಹದಿನೆಂಟು ವರ್ಷ ಸರ್ವೀಸು! ಬುದ್ಧಿ ಎಲ್ಲಿ ಅಡ ಇಟ್ಟಿದ್ರಿ?" ಎಂದರು. ಹತ್ತೂವರೆಗೆ ಸೇತುವೆ ಮುಚ್ಚಿತು. ವಿಚಾರಣೆ ಇದೆ, ಮೆಮೋ ಕೈಗೆ ಬಂದಿದೆ. ಒಡೆಯುವ ಕೆಲಸ ಮಾತ್ರ ನನಗೇ ಬಿಡಿ ಎಂದು ಬೇಡಿಕೊಂಡೆ. ಮೇಲೆ ನಿಂತು ನೋಡಲು ಒಬ್ಬರನ್ನು ಹಾಕಿ, ಬಿಟ್ಟರು.

ಉಳಿಯ ಮೇಲೆ ಸುತ್ತಿಗೆ ಬಿದ್ದರೆ ಒಂದು ಸದ್ದು, ಉಳಿ ಸಿಮೆಂಟಿಗೆ ತಾಗಿ ಇನ್ನೊಂದು. ಅರ್ಥವಾಯಿತಲ್ಲ? ಪ್ರತಿ ಏಟಿಗೂ ನನ್ನ ಕೈಯೇ "ಬಂದ್ರಾ?" ಎನ್ನುತ್ತಿತ್ತು. ಮೊದಲ ದಿನ ಹತ್ತು ಏಟು ಹಾಕುವುದು, ಕಟ್ಟೆಗೆ ಹೋಗಿ ವಾಂತಿ ಮಾಡುವುದು, ಬಂದು ಮತ್ತೆ ಹತ್ತು. ನಿನ್ನ ಡ್ರೈವರನ್ನು ನೆನೆದುಕೊಂಡೆ. ಇಷ್ಟೇ ಇಷ್ಟು, ಇಷ್ಟೇ ಇಷ್ಟು. ಎರಡನೇ ದಿನ ಹೆದರಿಕೆ ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಅಷ್ಟೇ ಇತ್ತು. ಪಕ್ಕದಲ್ಲಿ ಕೂತಿತ್ತು, ನಾನು ಒಡೆಯುತ್ತಿದ್ದೆ.

ಏಳನೆಯದನ್ನು ಕೊನೆಗಿಟ್ಟುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ತುಂಡು ಕಿತ್ತು ಬಂತು. ಇಡೀ ಸೇತುವೆ ಹೂಂ ಎಂದು ಉಸಿರು ಬಿಟ್ಟ ಹಾಗಾಯಿತು, ಕಾಲಡಿ ಒಂದು ನೂಲಿನಷ್ಟು ಸರಿಯಿತು. ಅದಕ್ಕೆ ಕಾರಣವಿದೆ, ನಾನು ಬಲ್ಲೆ. ಸಂದಿನಿಂದ ಮೇಲೆ ಬಂದ ಗಾಳಿ ಬಾವಿಯೊಳಗಿನದರ ಹಾಗೆ ತಣ್ಣಗಿತ್ತು. ಕಾಂಕ್ರೀಟು ಕಾಲು ಸುಡುವಷ್ಟು ಕಾದಿತ್ತು. ಅದಕ್ಕೆ ಕಾರಣ ನಾನು ಕಾಣೆ.

ಇನ್ನೊಂದು. ಬಣ್ಣದ ಅಜ್ಜ ನನಗೆ ಬೆನ್ನು ಮಾಡಿ ಬಾಗಿದ ಕಂಬಿಯ ಬಣ್ಣ ಕೆರೆಯುತ್ತಿದ್ದ. ಒಮ್ಮೆಗೇ ಕೆರೆಯುವುದು ನಿಲ್ಲಿಸಿ, ತಿರುಗಿ ಸಂದಿನ ಕಡೆ ನೋಡಿ, "ಯಾರಮ್ಮಾ ಅದು? ಯಾರ್ ಬರ್ಬೇಕಿತ್ತು?" ಎಂದು ಕೇಳಿದ. ನನ್ನನ್ನಲ್ಲ, ಸಂದನ್ನು. ಆಮೇಲೆ ಏನೂ ಆಗದವನ ಹಾಗೆ ಮತ್ತೆ ಕೆರೆಯತೊಡಗಿದ.

ಗಡಿಯಾರ ಗೋಡೆಗೆ ತೂಗುಹಾಕಿದ್ದೇನೆ. ಕೇಳುತ್ತದೆ. ಕೇಳಲಿ, ನಾನು ಟೀ ಕುಡಿಯುತ್ತೇನೆ. ಬೆಳಗ್ಗೆ ಹದಿಮೂರೂ ಸಂದು ಅಳೆದು ಇದ್ದದ್ದು ಇದ್ದ ಹಾಗೆ ಬರೆದೆ. ಗಾಡಿ ಬಿಡುವುದು ಇನ್ನೂ ಹದಿನೈದು ದಿನ ಇಲ್ಲ, ಜನ ನಡೆದು ದಾಟಬಹುದು.

ಕರೆದುಕೊಂಡು ಬಾ. ನಾನು ಸೇತುವೆ ಮೇಲೇ ಇರುತ್ತೇನೆ.

ಭಾವ

*

ಏಪ್ರಿಲ್ 17

ಭಾವ,

ಬಂದು ತಲುಪಿದೆ. ಮನೆ ಬಿಕೋ ಎನ್ನುತ್ತಿದೆ. ಬೀರುವಿನಲ್ಲಿ ಅವಳದೊಂದು ಕಾಲುಚೀಲ ಉಳಿದುಕೊಂಡಿದೆ, ಒಂಟಿ. ಅದನ್ನು ಹಿಡಿದುಕೊಂಡು ಒಂದು ಗಂಟೆ ಅತ್ತೆ, ನಲ್ಲಿ ಬಿಡದೆ. ಕೆಳಗಿನ ಮನೆಯವರು ಬಂದು "ಏನಾಯ್ತು?" ಎಂದರು. "ಮಗು ಅಪ್ಪನ ಹತ್ರ ಹೋಯ್ತು" ಎಂದೆ. ಒಂದು ಲೋಟ ಕಾಫಿ ತಂದುಕೊಟ್ಟರು. ಇಷ್ಟೇ ಆಗುವುದಾಗಿದ್ದರೆ ಎರಡು ವರ್ಷ ನೀರನ್ನು ಯಾಕೆ ಪೋಲು ಮಾಡಿದೆನೋ.

ಅವತ್ತು ಸೇತುವೆ ಮೇಲೆ ನಾನು ನಿಂತುಬಿಟ್ಟದ್ದಕ್ಕೆ ನೀವು "ಏನ್ ವಟವಟಮ್ಮ, ಬಾಯಿ ಬಿದ್ದೋಯ್ತಾ?" ಎಂದು ತಮಾಷೆ ಮಾಡಿದಿರಿ. ಕಡ್ಡಿಯ ಎದುರು ಹೇಳಲಾಗಲಿಲ್ಲ.

ಬಸ್ಸು ಇಳಿದ ತಕ್ಷಣ ಅವಳು ಬ್ಯಾಗು ಹೊತ್ತು ಓಡಿದಳು. ನೀವು ಆ ತುದಿಯ ಹತ್ತಿರ ಬಗ್ಗಿ ಏನೋ ಅಳೆಯುತ್ತಿದ್ದಿರಿ. ಅವಳು ಏಳನೇ ಸಂದನ್ನು ನೋಡಲೂ ಇಲ್ಲ, ಒಂದೇ ನೆಗೆತ. ನಾನು ಅಲ್ಲಿ ಬಂದು ನಿಂತೆ. ಮೂರು ಬೆರಳಿನ ಅಗಲ. ಕೆಳಗೆ ನೀರು. ವರ್ಷಗಟ್ಟಲೆ ಜನರ ಕಾಲು ಎಳೆದು ಬುದ್ಧಿ ಹೇಳಿದವಳಿಗೆ ಮೂರು ಬೆರಳಿನ ಸಂದು ದಾಟಲು ಕಾಲು ಬರಲಿಲ್ಲ. ಒಂದು ಗಾಡಿಯಿಲ್ಲ, ಗಾಳಿಯಿಲ್ಲ. ಪಾದಕ್ಕೆ ತಣ್ಣಗೆ ತಾಗಿತು. ಆಮೇಲೆ ಕೇಳಿತು.

ನೀವು ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ ಭಾವ. ಹಾಸಿಗೆಯ ಪಕ್ಕ ಕೂತವಳನ್ನು ಕೇಳಿದ ದನಿಯೇ. ನನ್ನನ್ನೇ. ತಿರುಗಿ ಬಸ್ಸಿನ ಕಡೆ ಓಡಿಬಿಡೋಣ ಎನ್ನಿಸಿತು. ಓಡಿಯೂ ಬಿಡುತ್ತಿದ್ದೆ.

ಅಷ್ಟರಲ್ಲಿ ನೀವು ತಲೆ ಎತ್ತಿದಿರಿ. ಅವಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದುಕೊಂಡು, ಅಷ್ಟು ಬಿಸಿಲಲ್ಲಿ ಸೇತುವೆಯ ಅರ್ಧ ನಡೆದು, ಸಂದು ದಾಟಿ ನಮ್ಮ ಕಡೆ ಕಾಲಿಟ್ಟಿರಿ. ನನ್ನನ್ನು ಕರೆದುಕೊಂಡು ಹೋಗಲು.

ನಾನು ಏನೋ ಗೊಣಗಿದೆ. "ಏನಂದೆ?" ಎಂದಿರಿ. "ಏನಿಲ್ಲ" ಎಂದೆ. ನಾನು ಅಂದದ್ದು ನಿಮಗಲ್ಲ. "ಬಂದ್ರು ಅಕ್ಕಾ" ಎಂದೆ. ಈ ಸಲ ಸುಳ್ಳು ಹೇಳಲಿಲ್ಲ.

ಇನ್ನಾದರೂ ಸುಮ್ಮನಾಗುತ್ತಾಳೆ ಎಂದು ಒಂದು ಕ್ಷಣ ಕಾದೆ. ಆಗಲಿಲ್ಲ, ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿ, ನಡುಗುವ ಕಾಲನ್ನು ಎತ್ತಿ ಆ ಕಡೆ ಇಟ್ಟೆ.

ನಿಮ್ಮ ನಾದಿನಿ